ಋಣ ಅಯಾನುಗಳಿಗೆ ಆಶ್ರಯವಿತ್ತ ವಲಯಗಳು

ಉಪ್ಪನ್ನು ನೀರಿಗೆ ಹಾಕಿದಾಗ ಅದು ಕರಗಿ ಕಣ್ಣಿಗೆ ಕಾಣದಂತಾಗುವುದು ಎಲ್ಲರ ಅನುಭವ. ರಸಾಯನಶಾಸ್ತ್ರದ ದೃಷ್ಟಿಗೆ ಆಗ ನಡೆಯುವುದು ಒಂದು ವಿಯೋಗ. ಹರಳಿನಲ್ಲಿ ಒತ್ತೊತ್ತಾಗಿ ಕುಳಿತಿದ್ದ ಎರಡು ಬಗೆಯ ಅಯಾನುಗಳು, ಎಂದರೆ ಧನ ವಿದ್ಯುದಾವೇಶವುಳ್ಳ ಸೋಡಿಯಂ ಮತ್ತು ಋಣ ವಿದ್ಯುದಾವೇಶವುಳ್ಳ ಕ್ಲೋರೈಡ್, ಪರಸ್ಪರ ಅಗಲಿ, ಒಂದೊಂದೂ ತನ್ನ ಸುತ್ತ ನೀರಿನ ಅಣುಗಳ ಪರಿವಾರವನ್ನು ಕಟ್ಟಿಕೊಂಡು ಸಂಚರಿಸತೊಡಗುತ್ತವೆ. ಇವುಗಳಲ್ಲಿ ಒಂದಿಲ್ಲದೆ ಇನ್ನೊಂದಿಲ್ಲ. ಆದರೂ ಶಾಸ್ತ್ರದ ಚರಿತ್ರೆಯಲ್ಲಿ ಇವೆರಡಕ್ಕೂ ಸಮಾನವಾದ ಮನ್ನಣೆ ದೊರೆಯಲಿಲ್ಲ. 1893ರಲ್ಲಿ ಜ್ಯೂರಿಕ್ ನಗರದ ಆಲ್ಫ್ರೆಡ್ ವರ್ನರ್ ಅವರು, ಲೋಹದ ಅಯಾನುಗಳು ತಮ್ಮ ಸುತ್ತ ಇತರ ಅಣುಗಳನ್ನು ನಿಯತವಾದ ದಿಕ್ಕುಗಳಲ್ಲಿ ಜೋಡಿಸಿಕೊಳ್ಳುವ ಕ್ರಮವನ್ನು ವಿವರಿಸಿದಂದಿನಿಂದ ಸುಮಾರು ಮುಕ್ಕಾಲು ಶತಮಾನದ ಕಾಲ, ಅಯಾನುಗಳ ಬಂಧನವೆಂದರೆ ಧನ ಅಯಾನುಗಳ ಬಂಧನವೆಂದೇ ವಿದ್ವಾಂಸರು ಭಾವಿಸಿದ್ದರು. ಋಣ ಅಯಾನು ಆವೇಶದ ಲೆಕ್ಕವನ್ನು ಸರಿದೂಗಿಸುವುದಕ್ಕಾಗಿ ಬದಿಯಲ್ಲಿ ನಿಂತ ಸಹಚರ ಮಾತ್ರವಾಗಿತ್ತು.

ಈ ಅನಾದರಕ್ಕೆ ವಸ್ತುವಿನ ಅಲ್ಪತೆ ಕಾರಣವಲ್ಲ. ಆನುವಂಶಿಕತೆಯನ್ನು ಹೊತ್ತ ನ್ಯೂಕ್ಲಿಯಿಕ್ ಆಮ್ಲಗಳು ಋಣಾವೇಶದ ಸರಪಳಿಗಳು. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಋಣ ಅಯಾನು. ಕಿಣ್ವಗಳು ಹಿಡಿದು ಪರಿವರ್ತಿಸುವ ಪದಾರ್ಥಗಳಲ್ಲಿ ಬಹುಪಾಲು ಋಣ ಅಯಾನುಗಳೇ. ಪ್ರಕೃತಿಯು ಕೋಟ್ಯಂತರ ವರ್ಷಗಳಿಂದ ಪ್ರತಿ ಕ್ಷಣವೂ ನಡೆಸುತ್ತ ಬಂದ ಈ ಕಾರ್ಯವನ್ನು ಮನುಷ್ಯನು ಪ್ರಯೋಗಾಲಯದಲ್ಲಿ ತನ್ನ ಕೈಯಾರೆ ರಚಿಸಿದ ಅಣುಗಳಿಂದ ಮಾಡಿಸಲು ಕಲಿತದ್ದು ಹೇಗೆ, ಯಾವ ಯಾವ ಸೋಪಾನಗಳನ್ನೇರಿ ಎಂಬುದನ್ನು ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇನೆ. ಆ ಚರಿತ್ರೆಯ ಉದ್ದಕ್ಕೂ ಒಂದು ಸತ್ಯ ಹೆಜ್ಜೆಹೆಜ್ಜೆಗೂ ಸ್ಪಷ್ಟವಾಗುತ್ತ ಹೋಗುತ್ತದೆ: ಹಿಡಿತದ ದಾರ್ಢ್ಯಕ್ಕೆ ಆಕರ್ಷಣೆಯ ಬಲಕ್ಕಿಂತಲೂ ಆಕರ್ಷಣೆಗಳ ವಿನ್ಯಾಸವೇ ಮುಖ್ಯವಾದ ಕಾರಣ.

ಋಣ ಅಯಾನನ್ನು ಹಿಡಿಯುವುದು ಧನ ಅಯಾನನ್ನು ಹಿಡಿಯುವುದಕ್ಕಿಂತ ಏಕೆ ಕಠಿನವೆಂಬುದನ್ನು ಮೊದಲು ತಿಳಿಯಬೇಕು. ಋಣ ಅಯಾನುಗಳು ಸಾಮಾನ್ಯವಾಗಿ ದೊಡ್ಡವು. ಅವುಗಳಲ್ಲೆಲ್ಲ ಅತ್ಯಂತ ಕಿರಿಯವುಗಳಲ್ಲಿ ಒಂದಾದ ಫ್ಲೋರೈಡಿನ ತ್ರಿಜ್ಯ 133 ಪಿಕೋಮೀಟರ್. ಅದು ಧನ ಅಯಾನುಗಳಲ್ಲಿ ಗಾತ್ರವಂತನೆನಿಸಿದ ಪೊಟಾಸಿಯಂನ 138 ಪಿಕೋಮೀಟರಿಗೆ ಹೆಚ್ಚುಕಡಮೆ ಸಮ. ಕ್ಲೋರೈಡ್ 181 ಪಿಕೋಮೀಟರ್, ಅಯೊಡೈಡ್ 220 ಪಿಕೋಮೀಟರ್. ಗಾತ್ರ ಹಿಗ್ಗಿದಂತೆ ಆವೇಶ ವಿಸ್ತಾರವಾದ ಮೇಲ್ಮೈಯಲ್ಲಿ ಹರಡಿಹೋಗುವುದರಿಂದ ಎದುರಿನ ಆವೇಶದ ಸೆಳೆತ ಕ್ಷೀಣಿಸುತ್ತದೆ. ಇನ್ನು ಆಕೃತಿಯ ವೈವಿಧ್ಯ: ಸೋಡಿಯಂ, ಪೊಟಾಸಿಯಂಗಳಂಥ ಧನ ಅಯಾನುಗಳು ಗೋಲಾಕಾರದವು, ಋಣ ಅಯಾನುಗಳಲ್ಲಾದರೋ ಕ್ಲೋರೈಡ್ ಗೋಲ, ಅಜೈಡ್ ನೇರವಾದ ಕೋಲು, ನೈಟ್ರೇಟ್ ಸಮತಲದ ತ್ರಿಕೋನ, ಸಲ್ಫೇಟ್ ಮತ್ತು ಫಾಸ್ಫೇಟ್ ಚತುಷ್ಫಲಕ. ಇದರ ಮೇಲೆ ಅನೇಕ ಋಣ ಅಯಾನುಗಳು ದ್ರಾವಣದ ಆಮ್ಲತೆ ಹೆಚ್ಚಿದೊಡನೆ ಪ್ರೋಟಾನನ್ನು ಸ್ವೀಕರಿಸಿ ತಮ್ಮ ಆವೇಶವನ್ನೇ ಕಳೆದುಕೊಳ್ಳುತ್ತವೆ. ಎಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ ನೀರು. ಗಾತ್ರದಲ್ಲಿ ಸಮವಾಗಿದ್ದರೂ ಪೊಟಾಸಿಯಂ ನೀರಿನೊಡನೆ ಬೆರೆತಾಗ ಮೋಲ್ ಒಂದಕ್ಕೆ ಸುಮಾರು 295 ಕಿಲೋಜೂಲ್ ಶಕ್ತಿ ಬಿಡುಗಡೆಯಾದರೆ, ಫ್ಲೋರೈಡ್ ಬೆರೆತಾಗ ಬಿಡುಗಡೆಯಾಗುವುದು ಸುಮಾರು 465 ಕಿಲೋಜೂಲ್. ಋಣ ಅಯಾನನ್ನು ತನ್ನೊಳಗೆ ಬರಮಾಡಿಕೊಳ್ಳಬಯಸುವ ಅಣುವು ಈ ಜಲಪರಿವಾರಕ್ಕಿಂತ ಹಿತವಾದ ಆಶ್ರಯವನ್ನು ಕಲ್ಪಿಸಿಕೊಡಬೇಕು. ಇಲ್ಲವಾದರೆ ಅತಿಥಿ ನೀರನ್ನು ಬಿಟ್ಟು ಬರಲಾರದು.

ನೀರಿಗೂ ಋಣ ಅಯಾನುಗಳಿಗೂ ಇರುವ ಈ ನಂಟಿನಲ್ಲಿ ತರತಮವಿದೆಯೆಂಬುದನ್ನು ಮೊತ್ತಮೊದಲು ವ್ಯವಸ್ಥಿತವಾಗಿ ಕಂಡವರು ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾನಿಲಯದ ಫ್ರಾನ್ಸ್ ಹಾಫ್‌ಮೈಸ್ಟರ್. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನು ಯಾವ ಲವಣದಿಂದ ಎಷ್ಟು ಸುಲಭವಾಗಿ ಗರಣೆಗಟ್ಟಿ ಕೆಳಗಿಳಿಯುತ್ತದೆಂಬುದನ್ನು ಪರೀಕ್ಷಿಸಿ, 1888ರಲ್ಲಿ ಅವರು ಲವಣಗಳನ್ನು ಒಂದು ಶ್ರೇಣಿಯಾಗಿ ಅಣಿಗೊಳಿಸಿದರು. ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಆ ಶ್ರೇಣಿಯ ಒಂದು ತುದಿಯಲ್ಲಿ ನೀರನ್ನು ಬಿಗಿಯಾಗಿ ಅಪ್ಪಿಕೊಂಡ ಸಲ್ಫೇಟ್, ಫಾಸ್ಫೇಟ್, ಫ್ಲೋರೈಡುಗಳೂ, ಮತ್ತೊಂದು ತುದಿಯಲ್ಲಿ ನೀರಿನ ಸಂಗವನ್ನು ಸಡಿಲವಾಗಿ ಇರಿಸಿಕೊಂಡ ಅಯೊಡೈಡ್, ಥಯೊಸಯನೇಟ್, ಪರ್‌ಕ್ಲೋರೇಟುಗಳೂ ನಿಲ್ಲುತ್ತವೆ. ಮುಂದಿನ ಶತಮಾನದಲ್ಲಿ ಋಣ ಅಯಾನುಗಳಿಗೆ ಆಶ್ರಯವನ್ನು ರಚಿಸಲು ಹೊರಟ ಪ್ರತಿಯೊಬ್ಬನೂ ಈ ಶ್ರೇಣಿಯೊಡನೆ ಸೆಣಸಬೇಕಾಯಿತು.

ಅದಕ್ಕೆ ಎರಡು ವರ್ಷ ಮುಂಚೆ, 1886ರಲ್ಲಿ, ಮ್ಯೂನಿಕ್ ನಗರದಲ್ಲಿ ಇನ್ನೊಂದು ಘಟನೆ ನಡೆದಿತ್ತು. ಅದರ ಮಹತ್ತ್ವ ಆ ಕಾಲದವರಾರಿಗೂ ಹೊಳೆಯಲಿಲ್ಲ. ನೀಲಿಯ ಬಣ್ಣದ ರಚನೆಯನ್ನು ಶೋಧಿಸಿ ಕೀರ್ತಿವಂತರಾಗಿದ್ದ ಅಡಾಲ್ಫ್ ಫಾನ್ ಬೇಯರ್ ಅವರು ಪಿರೋಲ್ ಎಂಬ ದ್ರವವನ್ನು ಅಸಿಟೋನಿನೊಡನೆ ಹೈಡ್ರೋಕ್ಲೋರಿಕ್ ಆಮ್ಲದ ಸಾನ್ನಿಧ್ಯದಲ್ಲಿ ಬೆರೆಸಿ, ಬಿಳಿಯ ಹರಳಿನ ಪದಾರ್ಥವೊಂದನ್ನು ಪಡೆದರು. ಆ ಪದಾರ್ಥದ ಅಣು ನಾಲ್ಕು ಪಿರೋಲ್ ಘಟಕಗಳು ಕೈಕೈ ಹಿಡಿದು ನಿಂತ ವಲಯವೆಂಬುದು ಕಾಲಾಂತರದಲ್ಲಿ ಸ್ಥಾಪಿತವಾಯಿತು. ವಲಯದ ನಡುವೆ ಒಂದು ಅವಕಾಶವಿತ್ತು. ಆ ಅವಕಾಶದ ಕಡೆಗೆ ತಿರುಗಬಲ್ಲ ನಾಲ್ಕು ಜಲಜನಕ ಪರಮಾಣುಗಳಿದ್ದುವು. ಆದರೆ ಆ ಅವಕಾಶದಲ್ಲಿ ಯಾರು ಬಂದು ಕುಳಿತಾರೆಂಬ ಪ್ರಶ್ನೆಯನ್ನು ಕೇಳುವವರು ಹುಟ್ಟಲು ನೂರಕ್ಕೂ ಮೀರಿದ ವರ್ಷಗಳು ಬೇಕಾದುವು. 1894ರಲ್ಲಿ ಎಮಿಲ್ ಫಿಷರ್ ಅವರು ಕಿಣ್ವವೂ ಅದು ಹಿಡಿಯುವ ಪದಾರ್ಥವೂ ಬೀಗ ಬೀಗದಕೈಗಳಂತೆ ಪರಸ್ಪರ ಹೊಂದಿಕೊಳ್ಳಬೇಕೆಂಬ ಸುಪ್ರಸಿದ್ಧ ಉಪಮೆಯನ್ನು ಕೊಟ್ಟರು. ತತ್ತ್ವವಿತ್ತು, ಅಣುವೂ ಇತ್ತು. ಎರಡನ್ನೂ ಸೇರಿಸುವ ದೃಷ್ಟಿ ಮಾತ್ರ ಇನ್ನೂ ಉದಿಸಿರಲಿಲ್ಲ.

ಆ ದೃಷ್ಟಿ ಉದಿಸಿದ್ದು ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿರುವ ಡ್ಯುಪಾಂಟ್ ಕಂಪನಿಯ ಸಂಶೋಧನಾಲಯದಲ್ಲಿ, ಅದೂ ಧನ ಅಯಾನಿನ ಮೂಲಕ. ಕೊರಿಯಾದ ಬುಸಾನ್ ನಗರದಲ್ಲಿ ನಾರ್ವೆಯ ತಂದೆಗೂ ಜಪಾನಿನ ತಾಯಿಗೂ ಜನಿಸಿ, ಡಾಕ್ಟರೇಟ್ ಪದವಿಯಿಲ್ಲದೆಯೇ ಆ ಕಂಪನಿಯಲ್ಲಿ ನಾಲ್ಕು ದಶಕಗಳಿಗೂ ಮೀರಿ ದುಡಿದ ಚಾರ್ಲ್ಸ್ ಪೆಡರ್ಸನ್ ಅವರು, ಬೇರೊಂದು ಪದಾರ್ಥದ ತಯಾರಿಕೆಯಲ್ಲಿ ತೊಡಗಿದ್ದಾಗ ಶೇಕಡಾ 0.4ರಷ್ಟು ಮಾತ್ರ ಉಪೋತ್ಪನ್ನವಾಗಿ ದೊರೆತ ರೇಷ್ಮೆಯೆಳೆಯಂಥ ಬಿಳಿಯ ಹರಳುಗಳನ್ನು ಕಸವೆಂದು ಚೆಲ್ಲದೆ ಪರೀಕ್ಷಿಸಿದರು. ಅದು ಆರು ಆಮ್ಲಜನಕ ಪರಮಾಣುಗಳುಳ್ಳ ಹದಿನೆಂಟು ಪರಮಾಣುಗಳ ವಲಯ. ಪೊಟಾಸಿಯಂ ಅಯಾನು ಅದರ ನಡುವೆ ಸರಿಯಾಗಿ ಕೂಡುತ್ತಿತ್ತು. 1967ರಲ್ಲಿ ಪ್ರಕಟವಾದ ಅವರ ಲೇಖನದಿಂದ ಕಿರೀಟ ಈಥರುಗಳ ಯುಗ ಆರಂಭವಾಯಿತು. ಬೃಹದ್ವಲಯದ ಅಣುವಿನ ಹಿರಿಮೆ ಅಲ್ಲಿ ಪ್ರತ್ಯಕ್ಷವಾಯಿತು: ಹಿಡಿಯಬೇಕಾದ ಪರಮಾಣುಗಳೆಲ್ಲ ಅತಿಥಿಯ ಆಗಮನಕ್ಕೆ ಮೊದಲೇ ಒಂದು ಕೇಂದ್ರದ ಸುತ್ತ ನೆಲೆಗೊಂಡಿರುವುದರಿಂದ, ಚದುರಿದ ಅಂಗಗಳನ್ನು ಒಟ್ಟುಗೂಡಿಸುವ ವ್ಯಯ ಅದಕ್ಕೆ ಕಡಿಮೆ.

ಅದೇ ಕಂಪನಿಯಲ್ಲಿ, ಮರುವರ್ಷವೇ, ಚುಂಗ್ ಹೊ ಪಾರ್ಕ್ ಮತ್ತು ಹೊವಾರ್ಡ್ ಸಿಮನ್ಸ್ ಎಂಬಿಬ್ಬರು ಋಣ ಅಯಾನಿಗೆ ಮೊದಲ ಕೃತಕ ಆಶ್ರಯವನ್ನು ರಚಿಸಿದುದನ್ನು ಪ್ರಕಟಿಸಿದರು. ಎರಡು ಸಾರಜನಕ ಪರಮಾಣುಗಳನ್ನು ಎರಡು ಧ್ರುವಗಳಲ್ಲಿಟ್ಟು, ಅವುಗಳನ್ನು ಇಂಗಾಲದ ಮೂರು ಸರಪಳಿಗಳಿಂದ ಬೆಸೆದಾಗ ಪಂಜರದಾಕೃತಿಯ ಒಂದು ಅಣುವಾಯಿತು. ಆಮ್ಲದಲ್ಲಿ ಕರಗಿಸಿದಾಗ ಧ್ರುವದ ಸಾರಜನಕಗಳೆರಡೂ ಪ್ರೋಟಾನನ್ನು ಪಡೆದು ಧನಾವೇಶವುಳ್ಳವಾದುವು. ಅವುಗಳ ಜಲಜನಕಗಳು ಒಳಮುಖವಾಗಿ ತಿರುಗಿ ಪಂಜರದ ಗರ್ಭವನ್ನು ನೋಡುತ್ತಿದ್ದುವು. ಒಂಬತ್ತು ಒಂಬತ್ತು ಇಂಗಾಲಗಳ ಸರಪಳಿಗಳಿದ್ದ ಪಂಜರದಲ್ಲಿ ಕ್ಲೋರೈಡ್ ಅಯಾನು ಎರಡು ಜಲಜನಕಗಳ ನಡುವೆ ಹೋಗಿ ಕುಳಿತಿತು. ನುಂಗುವುದನ್ನು ಸೂಚಿಸುವ ಗ್ರೀಕ್ ಮಾತಿನಿಂದ ಅವರು ಇವನ್ನು ಕಟಾಪಿನೇಟುಗಳೆಂದು ಕರೆದರು. ಕ್ಲೋರೈಡ್ ನಿಜವಾಗಿಯೂ ಒಳಗಿದೆಯೆಂಬುದನ್ನು 1975ರಲ್ಲಿ ಕ್ಷ-ಕಿರಣಗಳ ಸ್ಫಟಿಕಶಾಸ್ತ್ರ ನಿಸ್ಸಂದೇಹವಾಗಿ ತೋರಿಸಿಕೊಟ್ಟಿತು. ಹಿಡಿತ ದುರ್ಬಲವಾಗಿತ್ತು, ಮೆತುವಾದ ಆ ಸರಪಳಿಗಳಿಗೆ ನಿಶ್ಚಿತವಾದ ಭಂಗಿಯಿರಲಿಲ್ಲ. ಆದರೂ ಋಣ ಅಯಾನೊಂದನ್ನು ಅಣುವಿನ ಗರ್ಭದಲ್ಲಿ ಇರಿಸಬಹುದೆಂಬ ಮಾತು ಅಂದಿನಿಂದ ಊಹೆಯಾಗಿ ಉಳಿಯಲಿಲ್ಲ. ಪೆಡರ್ಸನ್ನರ ಶೋಧಕ್ಕೆ ಲೋಕವೇ ಕಿವಿಗೊಟ್ಟರೂ ಪಾರ್ಕ್ ಮತ್ತು ಸಿಮನ್ಸರ ಲೇಖನವನ್ನು ಮುಂದಕ್ಕೊಯ್ಯುವವರು ಎಂಟು ವರ್ಷಗಳ ಕಾಲ ವಿರಳವಾಗಿದ್ದರು.

ಮುಂದಕ್ಕೊಯ್ದವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಝಾನ್-ಮಾರಿ ಲೆನ್. 1969ರಲ್ಲಿಯೇ ಅವರು ಸಂಗಡಿಗರೊಡನೆ ಪೆಡರ್ಸನ್ನರ ಸಮತಲದ ವಲಯವನ್ನು ಮೂರು ಆಯಾಮಗಳ ಗುಹೆಯಾಗಿ ಬೆಳೆಸಿ, ಲೋಹದ ಅಯಾನುಗಳನ್ನು ಎಲ್ಲ ಕಡೆಗಳಿಂದಲೂ ಆವರಿಸುವ ಕ್ರಿಪ್ಟಾಂಡುಗಳನ್ನು ನಿರ್ಮಿಸಿದ್ದರು. 1976ರಲ್ಲಿ ಗ್ರಾಫ್ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಅವರು, ನಾಲ್ಕು ಸಾರಜನಕಗಳು ಚತುಷ್ಫಲಕದ ನಾಲ್ಕು ಮೂಲೆಗಳಲ್ಲಿ ನಿಂತ ಕಾಲ್ಚೆಂಡಿನಂಥ ಅಣುವೊಂದು ಆಮ್ಲದಲ್ಲಿ ನಾಲ್ಕು ಪ್ರೋಟಾನುಗಳನ್ನು ಸ್ವೀಕರಿಸಿ ಕ್ಲೋರೈಡನ್ನು ಒಳಗೊಳ್ಳುವುದೆಂದು ತೋರಿಸಿದರು. ನಾಲ್ಕು ಜಲಜನಕ ಬಂಧಗಳು ನಾಲ್ಕು ದಿಕ್ಕುಗಳಿಂದ ಬಂದು ಗರ್ಭಸ್ಥವಾದ ಕ್ಲೋರೈಡನ್ನು ಹಿಡಿದಿರುವ ಚಿತ್ರ ಅದೇ ವರ್ಷ ಸ್ಫಟಿಕಶಾಸ್ತ್ರದಿಂದ ದೊರೆಯಿತು. ನೀರಿನಲ್ಲಿಯೂ ಅದರ ಬಂಧನ ಸ್ಥಿರಾಂಕ, ಎಂದರೆ ಹಿಡಿತದ ದಾರ್ಢ್ಯವನ್ನು ಅಳೆಯುವ ಸಂಖ್ಯೆ, ಹತ್ತು ಸಾವಿರವನ್ನು ಮೀರಿತ್ತು. ಕ್ಲೋರೈಡಿಗಿಂತ ಸ್ವಲ್ಪವೇ ದೊಡ್ಡದಾದ ಬ್ರೋಮೈಡಿಗಾದರೋ ಅದು ಹತ್ತನ್ನೂ ಮುಟ್ಟಲಿಲ್ಲ. ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಧನಾವೇಶವು ಯಾವ ಋಣ ಅಯಾನನ್ನಾದರೂ ಸೆಳೆಯುತ್ತದೆ, ಅದಕ್ಕೆ ವಿವೇಚನೆಯಿಲ್ಲ. ಕ್ಲೋರೈಡನ್ನು ಬರಮಾಡಿಕೊಂಡು ಬ್ರೋಮೈಡನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಆವೇಶವಲ್ಲ, ಗುಹೆಯ ಗಾತ್ರ. ಹಿಡಿಯುವುದು ಬೇರೆ, ಗುರುತಿಸುವುದು ಬೇರೆ. ಗುರುತಿಸುವುದೆಂದರೆ ಒಂದನ್ನು ಸ್ವೀಕರಿಸಿ ಉಳಿದುವನ್ನು ನಿರಾಕರಿಸುವುದು. ಈ ವಿವೇಕವನ್ನು ಕೃತಕ ಅಣುವೊಂದು ನೀರಿನಲ್ಲಿ ನಿಂತು ಮೆರೆದದ್ದು ಆ ಕಾಲ್ಚೆಂಡಿನ ಅಣುವಿನಲ್ಲಿ.

ಮರುವರ್ಷ ಜರ್ಮನಿಯ ಫ್ರಾನ್ಸ್ ಷ್ಮಿಟ್‌ಷೆನ್ ಅವರು ಇನ್ನೊಂದು ಮಾರ್ಗವನ್ನು ತೆರೆದರು. ಪ್ರೋಟಾನಿನಿಂದ ಬಂದ ಧನಾವೇಶ ಆಮ್ಲವಿರುವವರೆಗೆ ಮಾತ್ರ ನಿಲ್ಲುವುದಾದುದರಿಂದ, ಅವರು ಪ್ರತಿ ಸಾರಜನಕಕ್ಕೂ ನಾಲ್ಕು ಇಂಗಾಲಗಳನ್ನು ಬೆಸೆದು, ಆಮ್ಲ ಕ್ಷಾರಗಳ ಹಂಗಿಲ್ಲದ ಶಾಶ್ವತ ಧನಾವೇಶವನ್ನು ಪಂಜರಕ್ಕೆ ಕೊಟ್ಟರು. ಅಲ್ಲಿ ಜಲಜನಕ ಬಂಧಗಳಿಲ್ಲ; ಆವೇಶದ ಸೆಳೆತವೂ ಗುಹೆಯ ಅಳತೆಯೂ ಮಾತ್ರ. ಲೆನ್ ಅವರ ಬಳಗವಾದರೋ ಆಕೃತಿಯ ಕಡೆಗೆ ತಿರುಗಿತು: ಆರು ಪ್ರೋಟಾನುಗಳನ್ನು ಹೊತ್ತ ಅಂಡಾಕಾರದ ಪಂಜರವೊಂದರಲ್ಲಿ, ಮೂರು ಸಾರಜನಕಗಳ ನೇರವಾದ ಕೋಲಿನಂಥ ಅಜೈಡ್ ಅಯಾನು ತನ್ನ ಎರಡು ತುದಿಗಳಲ್ಲಿ ಮೂರು ಮೂರು ಜಲಜನಕ ಬಂಧಗಳನ್ನು ಪಡೆದು ಮಲಗಿತು. 1983ರ ಹೊತ್ತಿಗೆ ಅವರ ಮತ್ತೊಂದು ಬೃಹದ್ವಲಯ ಎಟಿಪಿಯನ್ನು ಹಿಡಿಯುವುದಷ್ಟೇ ಅಲ್ಲದೆ ಅದರ ಫಾಸ್ಫೇಟನ್ನು ಕತ್ತರಿಸುವ ಕ್ರಿಯೆಯನ್ನು ತ್ವರಿತಗೊಳಿಸಿ, ಕಿಣ್ವಧರ್ಮದ ಛಾಯೆಯನ್ನು ತೋರಿತು. 1987ರಲ್ಲಿ ಪೆಡರ್ಸನ್, ಲೆನ್ ಹಾಗೂ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಕ್ರ್ಯಾಮ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆತಿಥೇಯ ಅಣುವು ಅತಿಥಿಯನ್ನು ಕಾಣುವ ಮೊದಲೇ ಸಜ್ಜಾಗಿ ನಿಂತಷ್ಟೂ ಬಂಧನ ದೃಢವಾಗುವುದೆಂಬ ಪೂರ್ವಸಜ್ಜತೆಯ ತತ್ತ್ವವನ್ನು ಸ್ಪಷ್ಟವಾದ ಮಾತಿನಲ್ಲಿ ಪ್ರತಿಪಾದಿಸಿದವರು ಕ್ರ್ಯಾಮ್.

ಈ ಮಧ್ಯೆ ಪ್ರಕೃತಿಯೇ ಒಂದು ಪಾಠವನ್ನು ಹೇಳಿತು. 1985ರಲ್ಲಿ ಫ್ಲುಗ್ರಾತ್ ಮತ್ತು ಕ್ವಿಯೋಚೊ ಎಂಬ ವಿದ್ವಾಂಸರು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಲ್ಲಿ ಸಲ್ಫೇಟನ್ನು ಹೊತ್ತೊಯ್ಯುವ ಪ್ರೋಟೀನಿನ ರಚನೆಯನ್ನು ಪ್ರಕಟಿಸಿದಾಗ, ಎರಡು ಋಣಾವೇಶಗಳನ್ನು ಹೊತ್ತ ಸಲ್ಫೇಟ್ ಅಯಾನು ಪ್ರೋಟೀನಿನ ಗರ್ಭದಲ್ಲಿ, ಯಾವ ಧನಾವೇಶದ ನೇರ ಸ್ಪರ್ಶವೂ ಇಲ್ಲದೆ, ಏಳು ಜಲಜನಕ ಬಂಧಗಳ ಆಸರೆಯಿಂದಲೇ ನೆಲೆನಿಂತಿರುವುದು ಕಂಡುಬಂತು. ಅದುವರೆಗೆ ಋಣಕ್ಕೆ ಧನವೇ ಬೇಕೆಂದು ನಂಬಿದ್ದವರಿಗೆ ಇದು ವಿಸ್ಮಯವನ್ನುಂಟುಮಾಡಿತು. ಸರಿಯಾದ ದಿಕ್ಕುಗಳಲ್ಲಿ ನಿಂತ ಸಾಧಾರಣವಾದ ಜಲಜನಕಗಳೇ ಸಾಕೆನ್ನುವುದಾದರೆ, ಮನುಷ್ಯ ರಚಿಸುವ ವಲಯಕ್ಕೂ ಧನಾವೇಶದ ಊರುಗೋಲು ಅನಿವಾರ್ಯವಲ್ಲ.

ಆ ದಾರಿಯಲ್ಲಿ ಮೊದಲ ಹೆಜ್ಜೆ ಅನಿರೀಕ್ಷಿತವಾಗಿ ಬಿದ್ದಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಾಬರ್ಟ್ ವುಡ್‌ವರ್ಡ್ ಅವರ ಬಳಗ ಜೀವಸತ್ವ ಬಿ12ರ ಸಂಶ್ಲೇಷಣೆಗಾಗಿ ಶ್ರಮಿಸುತ್ತಿದ್ದಾಗ, ಬಯಸದೆ ಬಂದ ಒಂದು ನೀಲವರ್ಣದ ಪದಾರ್ಥ ಕೈಸೇರಿತ್ತು. ರಕ್ತದ ಕೆಂಪಿಗೆ ಕಾರಣವಾದ ಪಾರ್ಫಿರಿನ್ ವಲಯದಲ್ಲಿ ನಾಲ್ಕು ಪಿರೋಲ್‌ಗಳಿದ್ದರೆ ಇದರಲ್ಲಿ ಐದಿದ್ದುವು. ನೀಲಮಣಿಯ ಬಣ್ಣವನ್ನು ನೆನೆದು ಅದಕ್ಕೆ ಸಫೈರಿನ್ ಎಂದು ಹೆಸರಿಟ್ಟು, 1966ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದ ವಿದ್ವದ್ಗೋಷ್ಠಿಯಲ್ಲಿ ಅದನ್ನು ಪ್ರಸ್ತಾಪಿಸಿದರು. ಎರಡು ದಶಕಗಳ ತರುವಾಯ, ಟೆಕ್ಸಾಸ್ ವಿಶ್ವವಿದ್ಯಾನಿಲಯದ ಜೊನಾಥನ್ ಸೆಸ್ಲರ್ ಅವರ ಬಳಗ ಈ ಹಿರಿದಾದ ವಲಯದಲ್ಲಿ ಲೋಹಗಳನ್ನು ಕೂರಿಸುವ ಆಸೆಯಿಂದ ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಆದರೆ ಹೆಕ್ಸಾಫ್ಲೋರೋಫಾಸ್ಫೇಟ್ ಲವಣವೆಂದು ಭಾವಿಸಿದ್ದ ಹರಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ, ವಲಯದ ನಟ್ಟನಡುವೆ, ಐದೂ ಪಿರೋಲ್‌ಗಳ ಜಲಜನಕಗಳು ಮುತ್ತಿ ಹಿಡಿದಿರುವಂತೆ, ಯಾರೂ ಕರೆಯದ ಫ್ಲೋರೈಡ್ ಅಯಾನು ಕುಳಿತಿತ್ತು. 1990ರಲ್ಲಿ ಪ್ರಕಟವಾದ ಈ ಶೋಧ, ಪಾರ್ಫಿರಿನ್ ಕುಲದ ಅಣುಗಳೆಂದರೆ ಲೋಹಗಳ ನಿವಾಸವೆಂಬ ರೂಢಮೂಲವಾದ ಭಾವನೆಯನ್ನು ಸಡಿಲಿಸಿತು. ಈ ಹಿರಿಯ ವಲಯಗಳ ಅಧ್ಯಯನದಲ್ಲಿ ಕನ್ನಡ ನಾಡಿಗೂ ಸಂಬಂಧವುಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ತಾವರೆಕೆರೆ ಕಲ್ಲಯ್ಯ ಚಂದ್ರಶೇಖರ್ ಅವರು, ಕಾನ್ಪುರದ ಐಐಟಿಯಲ್ಲಿದ್ದಾಗ, ಪಿರೋಲಿನ ಸಾರಜನಕದ ಸ್ಥಾನದಲ್ಲಿ ಗಂಧಕ ಮೊದಲಾದ ಪರಮಾಣುಗಳನ್ನಿಟ್ಟು ಇಂಥ ವಿಸ್ತೃತ ಪಾರ್ಫಿರಿನ್‌ಗಳನ್ನು ರಚಿಸಿ, ಅವು ಋಣ ಅಯಾನುಗಳನ್ನು ಹಿಡಿಯುವ ರೀತಿಯನ್ನು ಪರಿಶೋಧಿಸಿದರು.

ಸಫೈರಿನ್ನಿನಲ್ಲಿಯೂ ಪ್ರೋಟಾನಿನ ಧನಾವೇಶ ಇನ್ನೂ ಉಳಿದಿತ್ತು. ಅದನ್ನು ಸಂಪೂರ್ಣವಾಗಿ ತ್ಯಜಿಸಿದ ವಲಯಕ್ಕಾಗಿ ಸೆಸ್ಲರ್ ಮತ್ತು ಫಿಲಿಪ್ ಗೇಲ್ ಅವರು ಹೊಸದನ್ನು ಕಟ್ಟಲು ಹೋಗದೆ, ಬೇಯರ್ ಅವರ ಹಳೆಯ ಬಿಳಿಯ ಹರಳಿನ ಕಡೆಗೆ ತಿರುಗಿದುದು ಈ ಚರಿತ್ರೆಯ ಅತ್ಯಂತ ಹೃದ್ಯವಾದ ಪ್ರಸಂಗ. ನಾಲ್ಕು ಪಿರೋಲ್‌ಗಳ ಆ ವಲಯ ಒಂಟಿಯಾಗಿದ್ದಾಗ, ಪಿರೋಲ್‌ಗಳು ಒಂದು ಮೇಲ್ಮುಖವಾಗಿ ಮತ್ತೊಂದು ಕೆಳಮುಖವಾಗಿ ಪರ್ಯಾಯವಾಗಿ ನಿಲ್ಲುತ್ತವೆ. ಫ್ಲೋರೈಡ್ ಅಥವಾ ಕ್ಲೋರೈಡ್ ಸಮೀಪಿಸಿದಾಗ ನಾಲ್ಕೂ ಒಂದೇ ಕಡೆಗೆ ತಿರುಗಿ, ವಲಯ ಬಟ್ಟಲಿನ ಆಕೃತಿಯನ್ನು ತಾಳಿ, ನಾಲ್ಕು ಜಲಜನಕಗಳೂ ಒಟ್ಟಾಗಿ ಅತಿಥಿಯನ್ನು ಹಿಡಿಯುತ್ತವೆ. ಕ್ಯಾಲಿಕ್ಸ್‌ಪಿರೋಲ್ ಎಂಬ ಹೊಸ ಹೆಸರಿನಿಂದ ಅವರು 1996ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ ಅದರ ಬಂಧನ ಸ್ಥಿರಾಂಕ ಫ್ಲೋರೈಡಿಗೆ 17,170, ಕ್ಲೋರೈಡಿಗೆ 350, ಬ್ರೋಮೈಡಿಗೆ 10. ನೂರ ಹತ್ತು ವರ್ಷಗಳ ಕಾಲ ಆ ಹರಳಿನಲ್ಲಿ ಈ ಶಕ್ತಿ ಇದ್ದೇ ಇತ್ತು. ಪಿರೋಲ್ ಮತ್ತು ಅಸಿಟೋನುಗಳಂಥ ಅಗ್ಗದ ಸಾಮಗ್ರಿಗಳಿಂದ ಒಂದೇ ಹಂತದಲ್ಲಿ ತಯಾರಾಗುವ, ಯಾವ ವಿದ್ಯುದಾವೇಶವನ್ನೂ ಹೊರದ ಈ ಅಣು, ದೀರ್ಘ ಪರಿಶ್ರಮದಿಂದ ಕಟ್ಟಿದ ಪಂಜರಗಳ ಪಕ್ಕದಲ್ಲಿ ತಲೆಯೆತ್ತಿ ನಿಂತಿತು.

ಧನಾವೇಶವನ್ನು ಬಿಟ್ಟಾಯಿತು, ಇನ್ನು ನೀರಿನ ಸಮಸ್ಯೆ. ಜರ್ಮನಿಯ ಸ್ಟೆಫಾನ್ ಕುಬಿಕ್ ಅವರು 2001ರಲ್ಲಿ ಪ್ರೋಲೀನ್ ಮುಂತಾದ ಅಮೈನೋ ಆಮ್ಲಗಳನ್ನು ಸರದಿಯಾಗಿ ಜೋಡಿಸಿದ ವಲಯದಾಕಾರದ ಪೆಪ್ಟೈಡನ್ನು ರಚಿಸಿದರು. ಅಂಥ ಎರಡು ವಲಯಗಳು ಮುಖಾಮುಖಿಯಾಗಿ ನಿಂತು ಅಯಾನನ್ನು ನಡುವೆ ಅಡಗಿಸಿಕೊಂಡುವು. ಮರುವರ್ಷ ಅವರು ಆ ಎರಡು ವಲಯಗಳನ್ನೂ ಒಂದು ಕೊಂಡಿಯಿಂದ ಬೆಸೆದಾಗ ಹಿಡಿತ ಇನ್ನೂ ಬಿಗಿಯಾಯಿತು. ನೀರು ಮತ್ತು ಮೆಥನಾಲ್‌ಗಳ ಮಿಶ್ರಣದಲ್ಲಿಯೂ, ನೀರನ್ನು ಅಷ್ಟು ಗಾಢವಾಗಿ ಅಪ್ಪಿಕೊಂಡ ಸಲ್ಫೇಟ್ ಆ ಚಿಪ್ಪಿನೊಳಕ್ಕೆ ಬಂದುದು ಹಾಫ್‌ಮೈಸ್ಟರ್ ಶ್ರೇಣಿಯ ವಿರುದ್ಧ ಪಡೆದ ಒಂದು ಗೆಲುವು.

ಅನಂತರದ ಅಧ್ಯಾಯವು ನಾನು ಆರಂಭದಲ್ಲಿ ಹೇಳಿದ ಸತ್ಯವನ್ನು ಅತ್ಯಂತ ಉಜ್ಜ್ವಲವಾಗಿ ತೋರಿಸುತ್ತದೆ. ಸಾರಜನಕಕ್ಕೆ ಅಂಟಿದ ಜಲಜನಕದಲ್ಲಿ ಧನದ ಅಂಶ ಹೆಚ್ಚು. ಆದುದರಿಂದ ಅದು ಋಣ ಅಯಾನನ್ನು ಸೆಳೆಯುವುದು ಸಹಜ. ಇಂಗಾಲಕ್ಕೆ ಅಂಟಿದ ಜಲಜನಕದಲ್ಲಿ ಅದು ಅತ್ಯಲ್ಪ. ಅಂಥ ಜಲಜನಕದಿಂದ ಬಂಧನ ಸಾಧ್ಯವೆಂದರೂ ಅದು ಲೆಕ್ಕಕ್ಕೆ ಬರುವಷ್ಟಲ್ಲವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯವಾಗಿತ್ತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ಅಮರ್ ಫ್ಲಡ್ ಮತ್ತು ಅವರ ಸಹೋದ್ಯೋಗಿ ಯೊಂಗ್‌ಜುನ್ ಲಿ ಅವರು 2008ರಲ್ಲಿ ಈ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಿದರು. ಟ್ರಯಜೋಲ್ ಎಂಬ ಪಂಚಕೋನದ ನಾಲ್ಕು ಘಟಕಗಳನ್ನೂ ಬೆಂಜೀನ್ ಕುಲದ ನಾಲ್ಕು ಷಟ್ಕೋನಗಳನ್ನೂ ಸರದಿಯಾಗಿ ಬೆಸೆದು ಅವರು ರಚಿಸಿದ ವಲಯ ತಟ್ಟೆಯಂತೆ ಸಮತಲವಾಗಿಯೂ ಬಾಗದಷ್ಟು ಗಡುಸಾಗಿಯೂ ಇತ್ತು. ಅದರ ಒಳ ಅಂಚಿನಲ್ಲಿ ಇಂಗಾಲಕ್ಕೆ ಅಂಟಿದ ಎಂಟು ಜಲಜನಕಗಳು ಕೇಂದ್ರವನ್ನು ನೋಡುತ್ತಿದ್ದುವು. ಬೇರೆ ಯಾವ ಆಕರ್ಷಣೆಯೂ ಅಲ್ಲಿರಲಿಲ್ಲ. ಆದರೂ ಡೈಕ್ಲೋರೋಮೀಥೇನಿನಲ್ಲಿ ಕ್ಲೋರೈಡಿಗೆ ಅದರ ಬಂಧನ ಸ್ಥಿರಾಂಕ 1,30,000 ಎಂದು ಅವರು ಅಳೆದರು. ಅದೇ ದ್ರಾವಕದಲ್ಲಿ ಕ್ಯಾಲಿಕ್ಸ್‌ಪಿರೋಲಿನದು 350 ಎಂಬುದನ್ನು ನೆನೆದರೆ, ದುರ್ಬಲವಾದ ಎಂಟು ಬಂಧಗಳು ಪ್ರಬಲವಾದ ನಾಲ್ಕು ಬಂಧಗಳನ್ನು ಹೇಗೆ ಮೀರಿಸಿದುವೆಂಬ ವಿಸ್ಮಯವುಂಟಾಗುತ್ತದೆ. ಉತ್ತರವಿರುವುದು ಪೂರ್ವಸಜ್ಜತೆಯಲ್ಲಿ: ಕ್ಯಾಲಿಕ್ಸ್‌ಪಿರೋಲ್ ಅತಿಥಿ ಬಂದ ಮೇಲೆ ಎದ್ದು ತಿರುಗಿ ನಿಲ್ಲಬೇಕು, ಫ್ಲಡ್ ಅವರ ವಲಯ ಮೊದಲಿನಿಂದಲೂ ಎದುರುಗೊಂಡೇ ನಿಂತಿರುತ್ತದೆ. 2019ರಲ್ಲಿ ಅದೇ ಬಳಗ ಆ ಸಮತಲವನ್ನು ಮೂರು ಆಯಾಮಗಳ ಪಂಜರವಾಗಿ ಬೆಳೆಸಿ, ಕ್ಲೋರೈಡನ್ನು ಎಲ್ಲ ದಿಕ್ಕುಗಳಿಂದಲೂ ಇಂಗಾಲದ ಜಲಜನಕಗಳಿಂದಲೇ ಆವರಿಸಿದಾಗ, ಅದೇ ದ್ರಾವಕದಲ್ಲಿ ಬಂಧನ ಸ್ಥಿರಾಂಕ ಒಂದರ ಮುಂದೆ ಹದಿನೇಳು ಸೊನ್ನೆಗಳನ್ನಿಟ್ಟಷ್ಟಾಯಿತು. ನೀರಿನಲ್ಲಿರುವ ಕ್ಲೋರೈಡನ್ನು ಸಹ ಆ ಪಂಜರ ಡೈಕ್ಲೋರೋಮೀಥೇನಿನೊಳಕ್ಕೆ ಎಳೆದು ತರಬಲ್ಲದು.

ಈ ಸಂಖ್ಯೆಗಳನ್ನು ಓದುವಾಗ ಎಚ್ಚರ ಬೇಕು. ನೀರಿನಲ್ಲಿ ಅಳೆದುದನ್ನೂ ಡೈಕ್ಲೋರೋಮೀಥೇನಿನಲ್ಲಿ ಅಳೆದುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು; ಎರಡನೆಯ ದ್ರಾವಕ ಅಯಾನನ್ನು ತನ್ನಲ್ಲಿ ಉಳಿಸಿಕೊಳ್ಳಲು ನೀರಿನಂತೆ ಹೋರಾಡುವುದಿಲ್ಲ. ಆ ಕಾರಣದಿಂದಲೇ ಲೆನ್ ಅವರು 1976ರಲ್ಲಿ ನೀರಿನಲ್ಲಿ ಪಡೆದ ಹತ್ತು ಸಾವಿರ ಇಂದಿಗೂ ಗೌರವಾರ್ಹವಾದ ಸಂಖ್ಯೆ. ನೀರಿನಲ್ಲಿಯೇ ನಿಂತು, ಧನಾವೇಶದ ನೆರವಿಲ್ಲದ ಒಂದು ಗುಹೆಯಿಂದ ದೊಡ್ಡ ಜಯವನ್ನು ಸಾಧಿಸಿದವರು ಜೆಕ್ ದೇಶದ ಬ್ರನೋ ನಗರದ ಮಸಾರಿಕ್ ವಿಶ್ವವಿದ್ಯಾನಿಲಯದ ವ್ಲಾದಿಮೀರ್ ಷಿಂದೆಲಾರ್. 2010ರಲ್ಲಿ ಅವರ ಬಳಗ ಪ್ರಕಟಿಸಿದ ಬ್ಯಾಂಬಸುರಿಲ್ ಎಂಬ ವಲಯದಲ್ಲಿ ಬಿದಿರಿನ ಗೆಣ್ಣುಗಳನ್ನು ನೆನಪಿಗೆ ತರುವ ಆರು ಘಟಕಗಳಿವೆ; ಅದರ ಗರ್ಭವನ್ನು ನೋಡುವ ಹನ್ನೆರಡು ಜಲಜನಕಗಳೂ ಇಂಗಾಲಕ್ಕೆ ಅಂಟಿದವೇ. 2015ರಲ್ಲಿ ಅದರ ನೀರಿನಲ್ಲಿ ಕರಗುವ ರೂಪವೊಂದು ಪರ್‌ಕ್ಲೋರೇಟ್ ಅಯಾನನ್ನು ಒಂದು ಕೋಟಿಗೂ ಮೀರಿದ ಬಂಧನ ಸ್ಥಿರಾಂಕದಿಂದ ಹಿಡಿಯಿತು. ಹಾಫ್‌ಮೈಸ್ಟರ್ ಶ್ರೇಣಿಯಲ್ಲಿ ನೀರಿನ ಸಂಗ ಸಡಿಲವಾಗಿರುವ ತುದಿಯ ಅಯಾನುಗಳನ್ನೇ ಈ ಗುಹೆ ಆರಿಸಿಕೊಳ್ಳುವುದು ಕಾಕತಾಳೀಯವಲ್ಲ. ಅಂಥವು ಜಲಪರಿವಾರವನ್ನು ತೊರೆಯಲು ಹೆಚ್ಚಿನ ಬೆಲೆ ತೆರಬೇಕಾಗಿಲ್ಲ.

ಇಷ್ಟೆಲ್ಲ ಶ್ರಮದ ಫಲವೇನು ಎಂಬ ಪ್ರಶ್ನೆ ನ್ಯಾಯವಾದುದು. ಜೀವಕೋಶದ ಪೊರೆಯಲ್ಲಿ ಕ್ಲೋರೈಡ್ ಹಾದುಹೋಗುವ ದ್ವಾರಗಳು ಕೆಟ್ಟಾಗ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ವ್ಯಾಧಿ ಪ್ರಾಪ್ತವಾಗುತ್ತದೆ. ಕ್ಲೋರೈಡನ್ನು ಹೊತ್ತು ಪೊರೆಯನ್ನು ದಾಟಿಸಬಲ್ಲ ಕೃತಕ ಅಣುಗಳ ಶೋಧದಲ್ಲಿ ಈ ವ್ಯಾಧಿಯ ಚಿಕಿತ್ಸೆಯ ಆಶೆಯೂ ಸೇರಿದೆ. 2014ರಲ್ಲಿ ಸೆಸ್ಲರ್, ಗೇಲ್ ಮತ್ತಿತರರು ಕ್ಯಾಲಿಕ್ಸ್‌ಪಿರೋಲಿನಿಂದ ಹುಟ್ಟಿದ ಅಣುಗಳು ಕ್ಲೋರೈಡನ್ನು ಜೀವಕೋಶದೊಳಕ್ಕೆ ಸಾಗಿಸಿ ಕೋಶದ ಸ್ವಯಂಮರಣವನ್ನು ಪ್ರೇರಿಸಬಲ್ಲುವೆಂದು ತೋರಿಸಿದರು. ಅಮೆರಿಕದ ಹ್ಯಾನ್‌ಫರ್ಡ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಸಂಗ್ರಹವಾದ ಅಣುತ್ಯಾಜ್ಯವನ್ನು ಗಾಜಿನಲ್ಲಿ ಬಂಧಿಸಿಡಲು ಅದರಲ್ಲಿರುವ ಸಲ್ಫೇಟ್ ಅಡ್ಡಿಯಾಗುತ್ತದೆ, ಏಕೆಂದರೆ ಅದು ಕರಗಿದ ಗಾಜಿನಲ್ಲಿ ಸುಲಭವಾಗಿ ಬೆರೆಯದು. ನೈಟ್ರೇಟಿನ ಮಹಾಸಮುದಾಯದ ನಡುವಿನಿಂದ ಸಲ್ಫೇಟೊಂದನ್ನೇ ಆರಿಸಿ ತೆಗೆಯಬಲ್ಲ ಅಣುಗಳಿಗಾಗಿ ಅಲ್ಲಿನ ವಿಜ್ಞಾನಿಗಳು ಬಹುಕಾಲದಿಂದ ಶ್ರಮಿಸಿದ್ದಾರೆ. ನಮ್ಮ ನಾಡಿನಲ್ಲಂತೂ ಪ್ರಶ್ನೆ ಮನೆಬಾಗಿಲಲ್ಲೇ ನಿಂತಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಾಗೂ ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್, ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿ, ಹಲ್ಲು ಮೂಳೆಗಳನ್ನು ಹಾಳುಗೆಡವುತ್ತದೆ. ಅದನ್ನು ತೆಗೆಯಲು ಇಂದು ಬಳಕೆಯಲ್ಲಿರುವವು ಅಲ್ಯುಮಿನಾದ ಸೋಸುಗಳೂ ಆರ್‌ಒ ಯಂತ್ರಗಳೂ. ಈ ಯಂತ್ರಗಳು ಫ್ಲೋರೈಡನ್ನು ಗುರುತಿಸಿ ತೆಗೆಯುವುದಿಲ್ಲ, ನೀರಿನ ಲವಣಗಳನ್ನೆಲ್ಲ ಒಟ್ಟಾಗಿ ತೆಗೆಯುತ್ತವೆ.

ಒಂದೂವರೆ ಶತಮಾನಕ್ಕೆ ಸಮೀಪವಾದ ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಅದರ ಗತಿ ಸ್ಪಷ್ಟವಾಗುತ್ತದೆ. ಮೊದಲು ಪೂರ್ಣಪ್ರಮಾಣದ ಧನಾವೇಶ, ಅನಂತರ ಸಾರಜನಕದ ಜಲಜನಕ, ಕೊನೆಗೆ ಇಂಗಾಲದ ಜಲಜನಕ: ಒಂದೊಂದು ಹಂತದಲ್ಲಿಯೂ ಹಿಡಿಯುವ ಬಿಡಿ ಬಂಧ ಹಿಂದಿನದಕ್ಕಿಂತ ಮೃದುವಾಯಿತು, ಆದರೂ ಕೊನೆಯ ಹಂತದಲ್ಲಿ, ಒಂದೇ ದ್ರಾವಕದಲ್ಲಿ ಹೋಲಿಸಿದರೆ, ಒಟ್ಟು ಹಿಡಿತವೋ ಹೆಚ್ಚು ದೃಢವಾಯಿತು. ನಡುವೆ ಬೆಳೆದದ್ದು ಬಲವಲ್ಲ, ವಲಯದೊಳಗಿನ ಅವಕಾಶವನ್ನು ಅತಿಥಿಯ ಅಳತೆಗೆ ತಕ್ಕಂತೆ ರೂಪಿಸುವ ಜ್ಞಾನ. ಹಾಫ್‌ಮೈಸ್ಟರ್ ಶ್ರೇಣಿಯ ಕಠಿನವಾದ ತುದಿ, ಎಂದರೆ ನೀರಿನಲ್ಲಿಯೇ ನಿಂತು ಫ್ಲೋರೈಡನ್ನು ಗುರುತಿಸಿ ಬೇರ್ಪಡಿಸುವ ಕಾರ್ಯ, ಇನ್ನೂ ಪೂರ್ಣವಾಗಿ ಕೈವಶವಾಗಿಲ್ಲ. ಈ ಶಾಸ್ತ್ರದ ಶ್ರೇಷ್ಠವಾದ ಶೋಧಗಳಲ್ಲಿ ಹಲವು ಉಪೋತ್ಪನ್ನವೆಂದು ಬದಿಗಿಡಬಹುದಾಗಿದ್ದ ಹರಳುಗಳಿಂದಲೂ, ಶತಮಾನದಷ್ಟು ಹಳೆಯದಾದ ಪ್ರಯೋಗಗಳಿಂದಲೂ ಬಂದಿರುವುದನ್ನು ನಮ್ಮ ಕಾಲೇಜುಗಳಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿರುವ ತರುಣ ತರುಣಿಯರು ಗಮನಿಸಬೇಕು. ಫ್ಲೋರೈಡಿನ ಬಾಧೆಯನ್ನು ತಮ್ಮ ಊರಿನ ಬಾವಿಯಲ್ಲೇ ಕಂಡು ಬೆಳೆದವರು ಆ ಕಾರ್ಯಕ್ಕೆ ಕೈಹಾಕಿದರೆ, ಈ ಚರಿತ್ರೆಯ ಮುಂದಿನ ಅಧ್ಯಾಯ ಕೋಲಾರದಲ್ಲಿಯೋ ಪಾವಗಡದಲ್ಲಿಯೋ ಬರೆಯಲ್ಪಡಬಾರದೆಂಬ ನಿಯಮವೇನೂ ಇಲ್ಲ.